ಅಮ್ಮನ ಹಾಡುಗಳನ್ನು ಮೊದಲು ದಾಟಿಸು

ಮೈಸೂರು

ಚಿ. ಪುಟ್ಟಿಗೆ ಅತ್ತೆಯಿಂದ.

ಮನೆಯ ಲ್ಯಾಪ್‌ಟಾಪಿನಿಂದ ವಿಂಡೋಸ್ ತೆಗೆದು ಲಿನಕ್ಸ್ ಹಾಕಬೇಕೆಂದಿದ್ದೀಯ. ಹಾಸ್ಟೆಲಿನಿಂದ ಊರಿಗೆ ಹೋದಾಗ, ಈ ಶನಿವಾರವೇ ಕೂತು ಮುಗಿಸಿಬಿಡಲೇ ಎಂದು ಕೇಳಿದ್ದೀಯ. ಹಾಕು, ಖಂಡಿತ ಹಾಕು. ಈ ಶನಿವಾರ ಮಾತ್ರ ಬೇಡ. ಯಾಕೆ ಬೇಡವೆಂದು ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಕಾಗದವಾದರೆ ಮುಂದಿಟ್ಟುಕೊಂಡು ಕೆಲಸ ಮಾಡಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕೊಟ್ಟ ಕಾರಣ ಸರಿಯಾಗಿಯೇ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷ ಹೆಚ್ಚಿಗೆ ಕೊಟ್ಟರು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರು ಅಥವಾ ಅದರಿಂದೀಚಿನದೇ ಆಗಬೇಕು. ನಿಮ್ಮನೆಯದು ಆರನೇ ತಲೆಮಾರಿನ ಐ5. ಪರದೆ ಚೆನ್ನಾಗಿದೆ, ಕೀಲಿಗಳು ಸವೆದಿಲ್ಲ, 8 ಜಿಬಿ ರ‍್ಯಾಮ್ ಇದೆ. ಇಂಥ ಯಂತ್ರವನ್ನು ಗುಜರಿಗೆ ಹಾಕುವುದು ಅನ್ಯಾಯ. ಲಿನಕ್ಸಿನಲ್ಲೇ ಮಿಂಟ್ ಎಂಬ ಬಗೆಗೆ 2 ಜಿಬಿ ಇದ್ದರೂ ನಡೆಯುತ್ತದೆ, ಸಲೀಸಾಗಿ ಓಡಲು 4 ಜಿಬಿ ಇರಲಿ ಎನ್ನುತ್ತಾರೆ. ನಿಮ್ಮಲ್ಲಿ ಅದರ ಎರಡರಷ್ಟಿದೆ.

ಆದರೆ ಪುಟ್ಟಿ, ಆ ಲ್ಯಾಪ್‌ಟಾಪ್ ನಿನ್ನೊಬ್ಬಳದಲ್ಲ. ನಿಮ್ಮಮ್ಮ ಇಷ್ಟು ವರ್ಷ ಊರೂರಿನ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ಸಂಪ್ರದಾಯದ ಹಾಡುಗಳು ಅದರೊಳಗಿವೆ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರ ಹಾಡು, ಜೋಗುಳ. ಹಾಡಿದವರಲ್ಲಿ ಅನೇಕರು ಈಗಿಲ್ಲ. ಕೆಲವು ಹಾಡುಗಳು ಅತ್ತಿಗೆಯ ಆ ಫೈಲುಗಳಲ್ಲಿ ಬಿಟ್ಟರೆ ಬೇರೆಲ್ಲೂ ಇರಲಾರವು. ಮನೆ ಬದಲಿಸುವಾಗ ದೇವರ ಪಟವನ್ನು ಲಾರಿಗೆ ಹಾಕುವುದಿಲ್ಲ, ಕೈಯಲ್ಲಿ ಹಿಡಿದುಕೊಂಡು ಹೋಗುತ್ತೇವೆ. ನೀನೂ ಮೊದಲು ಆ ಹಾಡುಗಳನ್ನು ದಾಟಿಸು.

ಅವೆಲ್ಲ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾಗಿವೆ. ನುಡಿ, ಬರಹ ಇಲ್ಲದಿದ್ದರೆ ಅತ್ತಿಗೆಯಂಥ ಎಷ್ಟೋ ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. ಅವುಗಳ ಋಣ ದೊಡ್ಡದು. ತೊಡಕಿರುವುದು ಆ ಕಾಲದ ಫಾಂಟುಗಳ ಕ್ರಮದಲ್ಲಿ. ಇಂಗ್ಲಿಷ್ ಅಕ್ಷರಗಳಿಗೆಂದು ಮೀಸಲಾದ ಸ್ಥಾನಗಳಲ್ಲೇ ಅವು ಕನ್ನಡದ ಆಕಾರಗಳನ್ನು ಕೂರಿಸಿದ್ದವು. ನಮ್ಮ ಕಣ್ಣಿಗೆ ಜೋಗುಳವಾಗಿ ಕಾಣುವುದು ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಅರ್ಥವಿಲ್ಲದ ಸಾಲು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಫೈಲ್ ತೆರೆದರೆ ಕಾಣಿಸುವುದೂ ಅದೇ. ಫಾಂಟನ್ನೇ ಲಿನಕ್ಸಿಗೂ ಹಾಕಿಕೊಂಡರಾಯಿತಲ್ಲ ಎನ್ನುತ್ತೀಯೇನೋ. ಆಗ ಓದಲು ಬರುತ್ತದೆ, ಸರಿ. ಆದರೆ ಒಂದು ಪದ ಕೊಟ್ಟು ಹಾಡು ಹುಡುಕಲು, ಮೊದಲ ಸಾಲಿನ ಅಕಾರಾದಿ ಮಾಡಲು, ಫೋನಿಗೆ ಕಳಿಸಲು ಆಗುವುದಿಲ್ಲ. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತವಿದೆ. ‘ಅ’ಕಾರಕ್ಕೆ 0ಸಿ85, ‘ಕ’ಕಾರಕ್ಕೆ 0ಸಿ95. ಯಾವ ಯಂತ್ರ, ಯಾವ ಫಾಂಟ್ ಆದರೂ ‘ಕ’ ‘ಕ’ವೇ ಆಗಿ ಉಳಿಯುತ್ತದೆ.

ಈ ಪರಿವರ್ತನೆಯನ್ನು ವಿಂಡೋಸ್ ಇನ್ನೂ ಇರುವಾಗಲೇ ಮಾಡು, ಹಳೆಯ ಫೈಲುಗಳು ಸರಿಯಾಗಿ ತೆರೆಯುವುದು ಅಲ್ಲೇ. ಮೊದಲು ಪ್ರತಿ ಫೈಲಿನದೂ ಒಂದು ಪಿಡಿಎಫ್ ಮಾಡಿಡು, ಮೂಲ ಹೇಗಿತ್ತೆಂದು ನೋಡಲು ಬೇಕಾಗುತ್ತದೆ. ಆಮೇಲೆ ಹಳೆಯ ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕದಿಂದ ಬದಲಿಸು. ಬದಲಿಸಿದ್ದನ್ನು ಅಮ್ಮನ ಜೊತೆ ಕೂತು ಸಾಲು ಸಾಲಾಗಿ ಓದಬೇಕು. ಅರ್ಕಾವತ್ತು ಹೆಚ್ಚಾಗಿ ಕೆಡುತ್ತದೆ, ಏಕೆಂದರೆ ಹಳೆಯ ಕ್ರಮದಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರುತ್ತದೆ. ಒತ್ತಕ್ಷರಗಳ ಮೇಲೂ ಕಣ್ಣಿರಲಿ. ಮಧ್ಯೆ ಇಂಗ್ಲಿಷ್ ಪದವಿದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ತಿಳಿದು ಗೋಜಲು ಮಾಡುತ್ತದೆ. ನಿಧಾನದ ಕೆಲಸ. ಓದುತ್ತಾ ಹೋದಂತೆ ಅತ್ತಿಗೆ ಹಾಡಿದವರ ಹೆಸರು, ಊರು, ಯಾವ ಸಂದರ್ಭದ ಹಾಡು ಎಂದೆಲ್ಲ ಹೇಳುತ್ತಾಳೆ. ಅದನ್ನೂ ಅಲ್ಲೇ ಬರೆದುಕೋ. ಗ್ರಂಥಾಲಯದಲ್ಲಿ ಜೀವನ ಕಳೆದವಳಾಗಿ ಹೇಳುತ್ತೇನೆ, ಆ ವಿವರವಿಲ್ಲದ ಸಂಗ್ರಹದ ಬೆಲೆ ಅರ್ಧಕ್ಕಿಳಿಯುತ್ತದೆ.

ಲಿನಕ್ಸಿನಲ್ಲಿ ಅತ್ತಿಗೆಯ ಬೆರಳುಗಳಿಗೆ ಹೊಸ ಪಾಠವೇನೂ ಬೇಕಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಅವಳಿಗೆ ರೂಢಿಯಾದ ಕೀಲಿಮಣೆ ವಿನ್ಯಾಸ ಅಲ್ಲೂ ಇದೆ. ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಭಾಗವನ್ನು ಹಾಕಿ, ಕನ್ನಡದ ಪಟ್ಟಿಯಲ್ಲಿ ‘ಕೆಜಿಪಿ’ ಎಂಬುದನ್ನು ಆರಿಸಿಕೊಂಡರೆ ಒತ್ತಿಗೆ ‘ಎಫ್’ ಕೀಲಿ ಒತ್ತುವ ಅದೇ ಅಭ್ಯಾಸ ಮುಂದುವರಿಯುತ್ತದೆ. ಹಾಕಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬರಬೇಕು. ಫಾಂಟುಗಳಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೊ ಎಲ್ಲವೂ ಉಚಿತ.

ಇನ್ನು ನಿಮ್ಮಪ್ಪ. ಅಣ್ಣನಿಗೆ ಬೇಕಾದದ್ದು ಪತ್ರಿಕೆ, ಬ್ಯಾಂಕು, ರೈಲ್ವೆ ಟಿಕೆಟ್, ಒಂದಿಷ್ಟು ಲೆಕ್ಕದ ಪಟ್ಟಿ. ಇವುಗಳಲ್ಲಿ ಬಹುಪಾಲು ಬ್ರೌಸರಿನಲ್ಲೇ ನಡೆಯುವಂಥವು. ಹಾಗಾಗಿ ಈಗಿರುವ ವಿಂಡೋಸಿನ ಮೇಲೆಯೇ ಫೈರ್‌ಫಾಕ್ಸ್, ಲಿಬ್ರೆ ಆಫೀಸ್, ವಿಎಲ್‌ಸಿ ಹಾಕಿಕೊಡು. ಒಂದು ತಿಂಗಳು ಅವನ್ನೇ ಬಳಸಲಿ. ಅವೇ ತಂತ್ರಾಂಶಗಳು ಲಿನಕ್ಸಿನಲ್ಲೂ ಇರುವುದರಿಂದ, ಕೆಳಗಿನ ವ್ಯವಸ್ಥೆ ಬದಲಾದ ದಿನ ಅವನ ಕಣ್ಣಿಗೆ ಹೆಚ್ಚೇನೂ ಬದಲಾಗಿರುವುದಿಲ್ಲ. ಒಂದೇ ದಿನ ಎಲ್ಲವನ್ನೂ ಬದಲಿಸಿದ ಮನೆಗಳಲ್ಲೇ ಲಿನಕ್ಸ್ ಉಳಿಯದೆ ಹೋಗುವುದನ್ನು ನಾನು ಹೆಚ್ಚು ಕಂಡಿದ್ದೇನೆ. ಅವನು ‘ಹಳೆಯದೇ ಚೆನ್ನಾಗಿತ್ತು’ ಎಂದರೆ ವಾದಕ್ಕಿಳಿಯಬೇಡ. ಏನು ಸಿಗುತ್ತಿಲ್ಲ ಎಂದು ಕೇಳು, ಹುಡುಕಿಕೊಡು. ಆ ಮನೆಯಲ್ಲಿ ಇದು ಗೊತ್ತಿರುವವಳು ನೀನೊಬ್ಬಳೇ, ಗೊತ್ತಿರುವವರು ಬೇಗ ಬೇಸರಪಡಬಾರದು.

ನಿಮ್ಮ ಅಂಗಡಿಯ ಕಂಪ್ಯೂಟರನ್ನು ಮಾತ್ರ ಮುಟ್ಟಬೇಡ. ಅದರಲ್ಲಿ ಟ್ಯಾಲಿ ಇದೆ, ಜಿಎಸ್‌ಟಿ ಕೆಲಸಕ್ಕೆ ಡಿಜಿಟಲ್ ಸಹಿಯ ಟೋಕನ್ ಇದೆ. ಟ್ಯಾಲಿ ವಿಂಡೋಸಿಗಾಗಿ ಮಾಡಿದ್ದು. ಅದನ್ನು ಲಿನಕ್ಸಿನಲ್ಲಿ ಹೇಗಾದರೂ ಓಡಿಸುವ ದಾರಿಗಳನ್ನು ಜನ ಹೇಳುತ್ತಾರೆ, ಆದರೆ ಮನೆ ನಡೆಸುವ ಲೆಕ್ಕವನ್ನು ಅಂಥ ದಾರಿಗೆ ಒಪ್ಪಿಸಬಾರದು. ನಿನ್ನ ಕಾಲೇಜಿನ ಆನ್‌ಲೈನ್ ಪರೀಕ್ಷೆಗೆ ನಿಗಾ ತಂತ್ರಾಂಶ ಬೇಕೇ ಎಂಬುದನ್ನೂ ವಿಚಾರಿಸಿಕೋ. ಅವುಗಳಲ್ಲಿ ಹಲವು ಲಿನಕ್ಸನ್ನು ಒಪ್ಪುವುದಿಲ್ಲ.

ಹಾಕುವ ವಿಧಾನದಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯವಿದೆ. ಎರಡೂ ವ್ಯವಸ್ಥೆಗಳನ್ನು ಒಂದೇ ಡಿಸ್ಕಿನಲ್ಲಿಟ್ಟು ಬೇಕಾದಾಗ ಬೇಕಾದದ್ದು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಜಾಗ ಹಂಚುವಾಗ ಕೈತಪ್ಪಿದರೆ ಫೈಲುಗಳಿಗೇ ಅಪಾಯ. ದಿನನಿತ್ಯದ ಕಿರಿಕಿರಿಯೂ ಉಂಟು. ಯಂತ್ರದ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯದಲ್ಲಿಡುತ್ತದೆ, ಲಿನಕ್ಸ್ ಅಂತರರಾಷ್ಟ್ರೀಯ ಸಮಯದಲ್ಲಿಡುತ್ತದೆ. ಹಾಗೇ ಬಿಟ್ಟರೆ ಒಂದರಿಂದ ಇನ್ನೊಂದಕ್ಕೆ ಹೋದಾಗ ಗಂಟೆ ಐದೂವರೆ ತಾಸು ಆಚೀಚೆ ಆಗುತ್ತದೆ. ಅದರ ಬದಲು 256 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿ ಕೊಂಡುಕೋ. ಹಳೆಯ ಹಾರ್ಡ್‌ಡಿಸ್ಕ್ ಬಿಚ್ಚಿ, ಆ ಜಾಗದಲ್ಲಿ ಹೊಸದನ್ನು ಕೂರಿಸಿ, ಲಿನಕ್ಸನ್ನು ಅದರ ಮೇಲೆ ಹಾಕು. ಹಳೆಯದನ್ನು ಯುಎಸ್‌ಬಿ ಕೇಸಿಗೆ ಹಾಕಿ ಬೀರುವಿನಲ್ಲಿಡು. ವಿಂಡೋಸ್, ಅಪ್ಪನ ಫೈಲು, ಎಲ್ಲವೂ ಇದ್ದ ಹಾಗೇ ಅದರಲ್ಲಿರುತ್ತವೆ. ಬೇಡವೆನಿಸಿದರೆ ಮತ್ತೆ ತಿರುಗಿಸಿ ಹಾಕಿದರಾಯಿತು. ಹಾರ್ಡ್‌ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಬಂದದ್ದರಿಂದಲೇ ಲ್ಯಾಪ್‌ಟಾಪ್ ಹೊಸದರಂತೆ ಓಡುತ್ತದೆ, ಆ ಶ್ರೇಯಸ್ಸನ್ನೆಲ್ಲ ಲಿನಕ್ಸಿಗೆ ಕೊಡಬೇಕಿಲ್ಲ. ಡಿಸ್ಕ್ ಬಿಚ್ಚುವ ಮೊದಲು ಎರಡು ವಿಷಯ ನೋಡಿಕೋ. ಬಿಟ್‌ಲಾಕರ್ ಹಾಕಿದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೋ. ಕೊನೆಯ ಸಲ ವಿಂಡೋಸ್ ಮುಚ್ಚುವಾಗ ಶಿಫ್ಟ್ ಕೀಲಿ ಒತ್ತಿಹಿಡಿದು ಶಟ್‌ಡೌನ್ ಮಾಡು, ಇಲ್ಲದಿದ್ದರೆ ಅದು ಪೂರ್ತಿ ಮುಚ್ಚಿಕೊಂಡಿರುವುದಿಲ್ಲ, ಲಿನಕ್ಸ್ ಆ ಡಿಸ್ಕಿಗೆ ಬರೆಯಲು ಒಪ್ಪದೇ ಇರಬಹುದು.

ಅದಕ್ಕೂ ಮೊದಲು 8 ಜಿಬಿಯ ಪೆನ್‌ಡ್ರೈವಿಗೆ ಮಿಂಟಿನ ಐಎಸ್‌ಒ ಫೈಲನ್ನು ರೂಫಸ್‌ನಂಥ ತಂತ್ರಾಂಶದಿಂದ ಬರೆದು, ಏನನ್ನೂ ಇನ್‌ಸ್ಟಾಲ್ ಮಾಡದೆ ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ ನೋಡು. ವೈಫೈ, ಸದ್ದು, ಕ್ಯಾಮೆರಾ, ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಾಗುವುದು, ಮುಖ್ಯವಾಗಿ ಪ್ರಿಂಟರ್. ಕೆಲವು ಹಳೆಯ ಲೇಸರ್ ಪ್ರಿಂಟರುಗಳು ಲಿನಕ್ಸಿನಲ್ಲಿ ಬಹಳ ಸತಾಯಿಸುತ್ತವೆ. ಅದು ಮೊದಲೇ ಗೊತ್ತಾದರೆ ಒಳ್ಳೆಯದು.

ಇಷ್ಟೆಲ್ಲ ಶ್ರಮ ಒಂದು ಹಳೆಯ ಯಂತ್ರಕ್ಕಾಗಿಯೇ ಎಂದು ಅಣ್ಣ ಕೇಳಬಹುದು. ಅವನಿಗೆ ನನ್ನ ಅನುಭವ ಹೇಳು. ನಾನು ಲಿನಕ್ಸ್ ಕಲಿತದ್ದು ಕಾಲೇಜು ಗ್ರಂಥಾಲಯದಲ್ಲಿ, ಗ್ರಂಥಾಲಯ ನಿರ್ವಹಣೆಯ ಕೊಹಾ ತಂತ್ರಾಂಶದ ಸಲುವಾಗಿ. ನಮ್ಮಲ್ಲಿ ಮೊದಲಿದ್ದ ತಂತ್ರಾಂಶವನ್ನು ಮಾಡಿಕೊಟ್ಟಿದ್ದ ಕಂಪನಿ ಬಾಗಿಲು ಹಾಕಿತು. ನಮ್ಮದೇ ಪುಸ್ತಕಗಳ ಪಟ್ಟಿಯನ್ನು ಅದರಿಂದ ಹೊರತೆಗೆಯುವ ದಾರಿ ಇರಲಿಲ್ಲ. ಅಕ್ಸೆಷನ್ ರಿಜಿಸ್ಟರ್ ಮುಂದಿಟ್ಟುಕೊಂಡು ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆವು. ಕೊಹಾ ನ್ಯೂಜಿಲೆಂಡಿನ ಒಂದು ಸಣ್ಣ ಪ್ರಾಂತ್ಯದ ಗ್ರಂಥಾಲಯಗಳಿಗಾಗಿ ಹುಟ್ಟಿ 2000ದಲ್ಲಿ ಬಳಕೆಗೆ ಬಂದದ್ದು. ಮಾಡಿಸಿಕೊಂಡವರು ಅದನ್ನು ಜಗತ್ತಿಗೇ ಬಿಟ್ಟುಕೊಟ್ಟರು. ಅದರಲ್ಲಿರುವ ನಮ್ಮ ಪಟ್ಟಿಯನ್ನು ಯಾವತ್ತು ಬೇಕಾದರೂ ನಾವು ಹೊರಗೆ ತೆಗೆದುಕೊಳ್ಳಬಹುದು. ಲಿನಕ್ಸಿನ ಹಿಂದೆ ಇರುವುದೂ ಇದೇ ನಿಲುವು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಮುಕ್ತ ತಂತ್ರಾಂಶದ ಗ್ನೂ ಯೋಜನೆ ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಹೆಚ್ಚುಕಡಿಮೆ ನಿನ್ನದೇ ವಯಸ್ಸಿನ ಲಿನಸ್ ಟೋರ್ವಾಲ್ಡ್ಸ್, ತಾನು ಬರೆದ ಕರ್ನೆಲನ್ನು, ಅಂದರೆ ವ್ಯವಸ್ಥೆಯ ತಿರುಳನ್ನು, ಎಲ್ಲರ ಮುಂದಿಟ್ಟ. ಯೂನಿಕೋಡಿನ ಮೊದಲ ಆವೃತ್ತಿ ಕನ್ನಡವನ್ನೂ ಒಳಗೊಂಡು ಬಂದದ್ದು ಅದೇ ವರ್ಷ. ನಿನ್ನ ಆಂಡ್ರಾಯ್ಡ್ ಫೋನಿನೊಳಗೂ ಲಿನಕ್ಸ್ ಕರ್ನೆಲ್ಲೇ ಕೆಲಸ ಮಾಡುತ್ತಿದೆ. ಲಿನಕ್ಸ್ ಇಂಜಿನಿಯರುಗಳಿಗೆ ಮಾತ್ರ ಎಂದು ಯಾರಾದರೂ ಹೆದರಿಸಿದರೆ ಪಕ್ಕದ ಕೇರಳ ತೋರಿಸು. ಅಲ್ಲಿನ ಸರ್ಕಾರಿ ಶಾಲೆಗಳ ಮಕ್ಕಳು ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ.

ಲಿನಕ್ಸ್ ಹಾಕಿದ ಮೇಲೆ ಅಪ್‌ಡೇಟುಗಳನ್ನು ತಪ್ಪಿಸಬೇಡ. ಮಿಂಟ್ 22ಕ್ಕೆ 2029ರವರೆಗೆ ಅವು ಬರುತ್ತವೆ. ಟೈಮ್‌ಶಿಫ್ಟ್ ಎಂಬುದು ವ್ಯವಸ್ಥೆಯ ಪ್ರತಿ ಇಟ್ಟುಕೊಳ್ಳುತ್ತದೆ, ನಾವಾಗಿ ಹೇಳದ ಹೊರತು ನಮ್ಮ ಫೈಲುಗಳದ್ದಲ್ಲ. ಹಾಡುಗಳ ಪ್ರತಿಯನ್ನು ಪ್ರತ್ಯೇಕವಾಗಿ ಪೆನ್‌ಡ್ರೈವಿನಲ್ಲಿಟ್ಟು, ಇನ್ನೊಂದನ್ನು ನನಗೆ ಕಳಿಸು. ಹಾಸ್ಟೆಲಿಗೆ ಹೊರಡುವ ಮುನ್ನ ಲ್ಯಾಪ್‌ಟಾಪಿನ ಪಾಸ್‌ವರ್ಡನ್ನು ಅಮ್ಮನ ಡೈರಿಯಲ್ಲಿ ಕೈಬರಹದಲ್ಲಿ ಬರೆದಿಡು. ಅಪ್‌ಡೇಟ್ ಮಾಡುವುದು ಹೇಗೆಂದೂ ಅದರ ಕೆಳಗೆ ಬರೆ. ನೀನಿಲ್ಲದ ದಿನ ಅವರಿಬ್ಬರೂ ಕೈಕಟ್ಟಿ ಕೂರುವಂತಾಗಬಾರದು.

ಈ ಶನಿವಾರ ಅಮ್ಮನ ಪಕ್ಕ ಕೂತು ಜೋಗುಳಗಳ ಫೈಲಿನಿಂದ ಶುರು ಮಾಡು. ಹಾಡುಗಳೆಲ್ಲ ಯೂನಿಕೋಡಿಗೆ ಬಂದು, ಎರಡು ಪ್ರತಿ ಆದ ಮೇಲೆ ನನಗೆ ಫೋನ್ ಮಾಡು. ಎಸ್‌ಎಸ್‌ಡಿ ನಾನು ಕೊಡಿಸುತ್ತೇನೆ.

ಇಂತಿ ನಿನ್ನ ಪ್ರೀತಿಯ
ಅತ್ತೆ