ಗಾಳಿಯ ಸಂಚಾರ, ಹೊಗೆಯ ಸಂಚಯ

ನಗರವೊಂದರ ಒಲೆಗಳೂ ಕಾರ್ಖಾನೆಗಳೂ ದಿನದಿನವೂ ಉಗುಳುವ ಹೊಗೆ ಹೆಚ್ಚುಕಡಮೆ ಒಂದೇ ಪ್ರಮಾಣದ್ದಾಗಿದ್ದರೂ, ಅಲ್ಲಿಯ ಗಾಳಿ ಒಂದು ದಿನ ತಿಳಿಯಾಗಿಯೂ ಮತ್ತೊಂದು ದಿನ ವಿಷಪ್ರಾಯವಾಗಿಯೂ ಇರುವುದುಂಟು. ವಾಯುಮಂಡಲದ ಸಂಚಾರಕ್ರಮವೇ ಇದಕ್ಕೆ ಮುಖ್ಯ ಕಾರಣ.

ಸಾಮಾನ್ಯವಾಗಿ ಹಗಲಿನಲ್ಲಿ ನೆಲದ ಬಳಿಯ ಗಾಳಿ ಬೆಚ್ಚಗಾಗಿ ಮೇಲೇರುತ್ತದೆ. ಹೊಗೆಯನ್ನೂ ಒಯ್ದು ಚೆದುರಿಸುತ್ತದೆ. ಅಧಿಕ ಒತ್ತಡದ ವಲಯವು ನೆಲೆಸಿದಾಗಲಾದರೋ ಮೇಲಿನ ಗಾಳಿ ಕೆಳಗಿಳಿಯುತ್ತ ಬಿಸಿಯಾಗುತ್ತದೆ. ಕೆಳಗೆ ತಂಪು, ಮೇಲೆ ಬಿಸಿ ಎಂಬ ಈ ತಾಪವಿಪರ್ಯಯವು ಪಾತ್ರೆಯ ಮುಚ್ಚಳದಂತೆ ಹೊಗೆಯನ್ನು ತಡೆದಿಡುತ್ತದೆ.

1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರದಲ್ಲಿ ಸಂಭವಿಸಿದುದು ಇದೇ. ಚಳಿ ತಡೆಯಲು ಮನೆಮನೆಯಲ್ಲಿಯೂ ಕಲ್ಲಿದ್ದಲು ಉರಿಯುತ್ತಿತ್ತು, ಗಾಳಿಯೋ ನಿಶ್ಚಲ. ಗಂಧಕದ ಹೊಗೆ ಮಂಜಿನೊಡನೆ ಬೆರೆತು ಆಮ್ಲವಾಯಿತು. ಸುಮಾರು 4,000 ಮಂದಿ ಅಸುನೀಗಿದರೆಂಬುದು ಅಂದಿನ ಗಣನೆ; ಅನಂತರದ ಸಂಶೋಧಕರು ಆ ಸಂಖ್ಯೆಯನ್ನು 12,000ದವರೆಗೂ ಏರಿಸಿದ್ದಾರೆ. ಕಡೆಗೆ ಗಾಳಿ ಬೀಸಿತು, ಮಬ್ಬು ಹರಿಯಿತು.

ಗಾಳಿಗೆ ಆಜ್ಞೆಯಿಡುವ ಶಕ್ತಿ ಮಾನವನಿಗಿಲ್ಲ. ಹೊಗೆಯನ್ನು ತಗ್ಗಿಸುವ ಶಕ್ತಿಯುಂಟು. ಬ್ರಿಟಿಷ್ ಪಾರ್ಲಿಮೆಂಟು 1956ರಲ್ಲಿ ಶುದ್ಧವಾಯು ಶಾಸನವನ್ನು ಅಂಗೀಕರಿಸಿ, ನಗರಗಳಲ್ಲಿ ಹೊಗೆಯನ್ನು ನಿಯಂತ್ರಿಸುವ ವಲಯಗಳಿಗೆ ಎಡೆಮಾಡಿಕೊಟ್ಟಿತು. ಗಾಳಿ ಬೀಸುವ ದಿನಗಳನ್ನಲ್ಲ, ಬೀಸದ ದಿನಗಳನ್ನು ನೆನೆದು ಒಲೆ ಹೂಡಬೇಕೆಂಬುದೇ ಈ ಪಾಠದ ಸಾರ.