ಮನೆಯೊಳಗೊಂದು ಸ್ವಕಲ್ಪಿತ ರೈಲುಮಾರ್ಗ

ಕೀಲಿ ಕೊಟ್ಟು ಬಿಟ್ಟ ಆಟಿಕೆಯ ರೈಲು ಒಂದೇ ವೃತ್ತದಲ್ಲಿ ಸುತ್ತಿ ಸುತ್ತಿ, ಕೀಲಿ ಇಳಿದೊಡನೆ ನಿಲ್ಲುತ್ತದೆ. ಅದು ಎಲ್ಲಿಂದ ಹೊರಟಿತು, ಯಾವ ಊರಿಗೆ ಹೋಗತಕ್ಕದ್ದು, ಅದರ ಡಬ್ಬಿಗಳಲ್ಲಿ ಏನಿದೆ ಎಂಬ ಪ್ರಶ್ನೆಗಳು ಅಲ್ಲಿ ಏಳುವುದೇ ಇಲ್ಲ. ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಕಿರುಗಾತ್ರದ ರೈಲನ್ನೇ ನಾವು ಮಾದರಿ ರೈಲುಮಾರ್ಗವೆಂದು ಕರೆಯುತ್ತೇವೆ.

ಮಾದರಿ ಮಾರ್ಗಗಳಲ್ಲಿ ಎರಡು ಬಗೆಗಳುಂಟು. ನಿಜವಾಗಿ ಇರುವ ಯಾವುದೋ ಒಂದು ಮಾರ್ಗವನ್ನು ಅದರ ನಿಲ್ದಾಣ, ಸೇತುವೆ, ಬಣ್ಣಗಳೊಡನೆ ಹಾಗೆಯೇ ಕಿರಿದುಗೊಳಿಸಿದರೆ ಅದು ಪ್ರತಿಕೃತಿ ಮಾರ್ಗ. ಭೂಪಟದಲ್ಲಿ ಎಲ್ಲಿಯೂ ಇಲ್ಲದ ಊರುಗಳನ್ನು ನಾವೇ ಕಲ್ಪಿಸಿ, ಅವುಗಳ ನಡುವೆ ಹಳಿ ಹಾಸಿದರೆ ಅದು ಸ್ವಕಲ್ಪಿತ ಮಾರ್ಗ. ಎರಡನೆಯದು ಸುಲಭವೆಂದು ಮೊದಲ ನೋಟಕ್ಕೆ ತೋರುವುದು ಸಹಜ. ಆದರೆ ಪ್ರತಿಕೃತಿಯನ್ನು ತಿದ್ದಲು ನಿಜವಾದ ರೈಲು ಇದ್ದೇ ಇದೆ. ಸ್ವಕಲ್ಪಿತ ಮಾರ್ಗವನ್ನು ತಿದ್ದುವುದು ಅದರ ಕರ್ತೃವೇ ಹಾಕಿಕೊಂಡ ನಿಯಮ ಮಾತ್ರ. ಆದುದರಿಂದ ಇಲ್ಲಿ ಕಲ್ಪನೆಯಷ್ಟೇ ಶಿಸ್ತೂ ಬೇಕಾಗುವುದು.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮಾಂಟೆರೆ ಎಂಬ ಊರಿನ ಜಾನ್ ಆಲೆನ್ನರು ಕಟ್ಟಿದ ‘ಗೋರಿ ಅಂಡ್ ಡಿಫೀಟಿಡ್’ ಈ ಬಗೆಯ ಮಾರ್ಗಗಳಲ್ಲಿ ಬಹು ಪ್ರಸಿದ್ಧವಾದುದು. ‘ರಕ್ತಸಿಕ್ತ, ಪರಾಜಿತ’ ಎಂಬ ಅರ್ಥದ ಇಂಗ್ಲಿಷ್ ಮಾತಿನಂತೆ ಕಿವಿಗೆ ಕೇಳಿಸುವ ಹಾಸ್ಯದ ಹೆಸರದು. ನೆಲದಿಂದ ಛಾವಣಿಯವರೆಗೆ ಎದ್ದ ಬೆಟ್ಟಗಳ ನಡುವೆ ಅದರ ಗಾಡಿಗಳು ವೇಳಾಪಟ್ಟಿಗೆ ಅನುಸಾರವಾಗಿ ಓಡುತ್ತಿದ್ದವು. 1973ರ ಜನವರಿಯಲ್ಲಿ ಆಲೆನ್ನರು ತೀರಿಕೊಂಡರು; ಕೆಲವೇ ದಿನಗಳಲ್ಲಿ ಆ ಮಾರ್ಗವೂ ಬೆಂಕಿಗೆ ಆಹುತಿಯಾಯಿತು. ಉಳಿದವು ಛಾಯಾಚಿತ್ರಗಳು, ಲೇಖನಗಳು ಮತ್ತು ಮಾರ್ಗವನ್ನು ನಡೆಸುವ ಪದ್ಧತಿ. ಹಲಗೆ ಸುಟ್ಟರೂ ಪದ್ಧತಿಯನ್ನು ಇನ್ನೊಬ್ಬರು ಕಲಿಯಬಹುದು. ಅಂತಹ ಪದ್ಧತಿಯ ಮೂಲತತ್ತ್ವಗಳನ್ನು ಈ ಪಾಠದಲ್ಲಿ ನೋಡೋಣ.

ಅಳತೆಯ ಲೆಕ್ಕ

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಅಳತೆಗೆ ‘ಎಚ್.ಓ.’ ಎಂದು ಹೆಸರು. ಇದರಲ್ಲಿ ಒಂದು ಅಡಿಗೆ 3.5 ಮಿಲಿಮೀಟರು, ಅಂದರೆ ಪ್ರಮಾಣ 1:87. ಯೂರೋಪು, ಅಮೆರಿಕಗಳ 1435 ಮಿ.ಮೀ. ಗೇಜನ್ನು 87ರಿಂದ ಭಾಗಿಸಿದರೆ 16.5 ಮಿ.ಮೀ. ಬರುವುದು, ಅಂಗಡಿಯಲ್ಲಿ ದೊರೆಯುವ ಎಚ್.ಓ. ಹಳಿಯ ಅಗಲ ಇದೇ. ನಮ್ಮ ದೇಶದ ಬ್ರಾಡ್‌ಗೇಜು 1676 ಮಿ.ಮೀ. ಇದಕ್ಕೆ ಅದೇ ಪ್ರಮಾಣದಲ್ಲಿ 19.3 ಮಿ.ಮೀ. ಬೇಕು. ಆದುದರಿಂದ ಭಾರತೀಯ ಗಾಡಿಯನ್ನು ಎಚ್.ಓ. ಹಳಿಯ ಮೇಲೆ ಓಡಿಸುವವರು ಅಗಲದಲ್ಲಿ ಸ್ವಲ್ಪ ರಾಜಿ ಮಾಡಿಕೊಳ್ಳಲೇಬೇಕು.

ಉದ್ದ 87ರಲ್ಲಿ ಒಂದು ಭಾಗವಾದರೆ ಗಾತ್ರವು 87ರ ಘನದಲ್ಲಿ, ಎಂದರೆ 6,58,503ರಲ್ಲಿ, ಒಂದು ಭಾಗವಾಗುತ್ತದೆ. 100 ಟನ್ನು ತೂಕದ ಇಂಜಿನನ್ನು ಅದೇ ಲೋಹಗಳಿಂದ ಒಂದೊಂದು ಭಾಗವನ್ನೂ ಕಿರಿದುಗೊಳಿಸಿ ಮಾಡಿದರೆ ಅದರ ತೂಕ ಸುಮಾರು 152 ಗ್ರಾಂ ಮಾತ್ರ! ಇಷ್ಟು ಹಗುರವಾದ ಇಂಜಿನಿನ ಚಕ್ರಗಳು ಹಳಿಯ ಮೇಲೆ ಜಾರುವ ಸಂಭವ ಹೆಚ್ಚು. ಆದುದರಿಂದಲೇ ಮಾದರಿ ತಯಾರಕರು ಒಳಗೆ ಲೋಹದ ತುಂಡುಗಳನ್ನಿಟ್ಟು ಭಾರ ಹೆಚ್ಚಿಸುತ್ತಾರೆ.

ತಿರುವುಗಳ ಲೆಕ್ಕ ಇನ್ನೂ ಕಠಿಣವಾದುದು. ನಮ್ಮ ಬ್ರಾಡ್‌ಗೇಜಿನಲ್ಲಿ ಅತಿ ತೀವ್ರವಾದ ತಿರುವಿನ ತ್ರಿಜ್ಯ 175 ಮೀಟರು. ಮಾದರಿಯಲ್ಲಿ ಅದು 2 ಮೀಟರಾಗುವುದು. ಎಂದರೆ ಪೂರ್ಣ ವೃತ್ತಕ್ಕೆ 4 ಮೀಟರು ಅಗಲದ ಕೋಣೆ ಬೇಕು. ಮನೆಗಳಲ್ಲಿ ಇದು ಅಪರೂಪವಾದುದರಿಂದ 45 ಸೆಂಟಿಮೀಟರು ತ್ರಿಜ್ಯದ ತಿರುವನ್ನು ಬಳಸುವುದು ವಾಡಿಕೆ. ಇದು ನಾಲ್ಕು ಪಟ್ಟಿಗೂ ಮೀರಿ ಬಿಗಿಯಾದ ತಿರುವು. ಉದ್ದನೆಯ ಪ್ರಯಾಣಿಕರ ಬೋಗಿಗಳು ಇದರಲ್ಲಿ ವಿಕಾರವಾಗಿ ಹೊರಚಾಚುವುವು. ಗಿಡ್ಡ ಗೂಡ್ಸ್ ಡಬ್ಬಿಗಳೂ ಸಣ್ಣ ಇಂಜಿನೂ ಇರುವ ಶಾಖಾಮಾರ್ಗವನ್ನು ಕಲ್ಪಿಸಿಕೊಂಡರೆ ಈ ದೋಷ ಕಣ್ಣಿಗೆ ಬೀಳದು.

ಏರಿನ ಲೆಕ್ಕ

ಏರು ಒಂದು ನಿಷ್ಪತ್ತಿಯಾದುದರಿಂದ ಅದು ಕಿರಿದಾಗುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ಮಾರ್ಗದಲ್ಲಿ 50ಕ್ಕೆ 1ರ ಏರಿದೆ. ನಮ್ಮ ಹಲಗೆಯ ಮೇಲೂ 50ಕ್ಕೆ 1 ಎಂದರೆ ಅದೇ ಕಡಿದು. ಒಂದು ಹಳಿಯ ಮೇಲೆ ಇನ್ನೊಂದನ್ನು ಹಾಯಿಸಲು 8 ಸೆಂ.ಮೀ. ಎತ್ತರ ಬೇಕೆಂದರೆ, ಆ ಎತ್ತರಕ್ಕೇರಲು 4 ಮೀಟರು ಉದ್ದದ ಹಳಿ ಬೇಕು.

ಈ ಏರು ಇಂಜಿನಿನ ಶಕ್ತಿಯನ್ನು ಎಷ್ಟು ತಗ್ಗಿಸುತ್ತದೆ? 300 ಗ್ರಾಂ ತೂಕದ ಇಂಜಿನು ತನ್ನ ತೂಕದ ಐದನೆಯ ಒಂದು ಭಾಗದಷ್ಟು, ಅಂದರೆ 60 ಗ್ರಾಂ ತೂಕದಷ್ಟು, ಎಳೆತವನ್ನು ಕೊಡಬಲ್ಲುದೆಂದು ಇಟ್ಟುಕೊಳ್ಳೋಣ. 100 ಗ್ರಾಂ ತೂಕದ ಡಬ್ಬಿಯೊಂದಕ್ಕೆ ಉರುಳುವ ತಡೆ 3 ಗ್ರಾಂ ಇರಲಿ. ಸಮತಟ್ಟಿನಲ್ಲಿ 60ನ್ನು 3ರಿಂದ ಭಾಗಿಸಿದರೆ 20 ಡಬ್ಬಿಗಳು. 50ಕ್ಕೆ 1ರ ಏರಿನಲ್ಲಿ ಇಂಜಿನು ತನ್ನನ್ನೇ ಮೇಲೆತ್ತಿಕೊಳ್ಳಲು 6 ಗ್ರಾಂ ವ್ಯಯವಾಗಿ 54 ಉಳಿಯುವುದು. ಪ್ರತಿ ಡಬ್ಬಿಗೂ ಉರುಳಲು 3, ಏರಲು 2, ಒಟ್ಟು 5 ಗ್ರಾಂ ಬೇಕು. ಆದುದರಿಂದ 10 ಡಬ್ಬಿಗಳಷ್ಟೇ ಸಾಧ್ಯ. ಕಣ್ಣಿಗೆ ಕಾಣಿಸದಂತಹ ಏರು ಅರ್ಧ ಗಾಡಿಯನ್ನು ನುಂಗಿತು! ಘಟ್ಟದಲ್ಲಿ ಗಾಡಿಯ ಹಿಂದಿನಿಂದ ತಳ್ಳುವ ಇಂಜಿನುಗಳನ್ನು ಸೇರಿಸುವುದೇಕೆಂಬುದು ಇದರಿಂದ ಸ್ಪಷ್ಟವಾಗುವುದು.

ವಿದ್ಯುತ್ತಿನ ಏರ್ಪಾಡು

ಮಾದರಿ ಇಂಜಿನಿನಲ್ಲಿ 12 ವೋಲ್ಟಿನ ಸಣ್ಣ ಮೋಟಾರು ಇರುವುದು. ಒಂದು ಹಳಿಯಿಂದ ಪ್ರವಾಹ ಚಕ್ರದ ಮೂಲಕ ಮೋಟಾರಿಗೆ ಹೋಗಿ ಇನ್ನೊಂದು ಹಳಿಗೆ ಮರಳುತ್ತದೆ. ಎಡಬಲ ಚಕ್ರಗಳ ನಡುವೆ ಅವಾಹಕವಿಲ್ಲದಿದ್ದರೆ ಇರಚಿನ ಮೂಲಕವೇ ಷಾರ್ಟ್ ಸರ್ಕೀಟಾಗುವುದು. ವೋಲ್ಟೇಜು ಹೆಚ್ಚಿಸಿದರೆ ವೇಗ ಹೆಚ್ಚುವುದು. ಧನ-ಋಣಗಳನ್ನು ಅದಲು ಬದಲು ಮಾಡಿದರೆ ದಿಕ್ಕು ಬದಲಾಗುವುದು. ಗೋಡೆಯ 230 ವೋಲ್ಟನ್ನು ತಗ್ಗಿಸುವ ಟ್ರಾನ್ಸ್‌ಫಾರ್ಮರು ಪೂರ್ಣವಾಗಿ ಮುಚ್ಚಿದ, ಸಿದ್ಧಪಡಿಸಿ ಮಾರುವ ಪೆಟ್ಟಿಗೆಯಾಗಿರಬೇಕು. ಅದನ್ನು ಬಿಚ್ಚುವ ಸಾಹಸ ಕೂಡದು.

ಒಂದೇ ಹಳಿಯ ಮೇಲೆ ಎರಡು ಇಂಜಿನುಗಳನ್ನಿಟ್ಟರೆ ಎರಡೂ ಒಟ್ಟಿಗೆ ಓಡುವುವು. ಇದನ್ನು ತಪ್ಪಿಸಲು ಹಳಿಯನ್ನು ಅಲ್ಲಲ್ಲಿ ತುಂಡರಿಸಿ ಪ್ರತ್ಯೇಕ ವಿಭಾಗಗಳನ್ನಾಗಿ ಮಾಡಿ, ಒಂದೊಂದಕ್ಕೂ ಒಂದು ಸ್ವಿಚ್ಚನ್ನು ಇಡುತ್ತಾರೆ. 1990ರ ದಶಕದಲ್ಲಿ ರೂಢಿಗೆ ಬಂದ ಅಂಕೀಯ ನಿಯಂತ್ರಣದಲ್ಲಾದರೋ ಹಳಿಯಲ್ಲಿ ಸದಾ ಪ್ರವಾಹವಿರುವುದು. ಪ್ರತಿ ಇಂಜಿನಿಗೂ ಒಂದು ಸಂಖ್ಯೆ ಇದ್ದು, ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನು ಮಾತ್ರ ಅದು ಪಾಲಿಸುತ್ತದೆ. ಹೊಸಬರಿಗೆ ಹಳೆಯ ಪದ್ಧತಿಯೇ ಅಗ್ಗವೂ ಬೋಧಪ್ರದವೂ ಆಗಿದೆ.

ಮಾರ್ಗಕ್ಕೊಂದು ಕಾರಣ

ಈಗ ಕಲ್ಪನೆಯ ಕೆಲಸ. ‘ಮಂಜುಗುಡ್ಡ–ಕಡಲಪೇಟೆ ರೈಲ್ವೆ’ ಎಂಬ ಮಾರ್ಗವನ್ನು ಊಹಿಸಿಕೊಳ್ಳೋಣ. ಘಟ್ಟದ ಮೇಲಿನ ಮಂಜುಗುಡ್ಡದಿಂದ ಕಾಫಿ, ಅಡಿಕೆ, ಮರದ ದಿಮ್ಮಿ ಕೆಳಗಿಳಿಯುವುವು. ಕಡಲಪೇಟೆಯಿಂದ ಉಪ್ಪು, ಹಂಚು, ಒಣಮೀನು ಮೇಲೇರುವುವು. ಸರಕು ಗೊತ್ತಾದೊಡನೆ ಡಬ್ಬಿಗಳ ಜಾತಿ ಗೊತ್ತಾಯಿತು: ದಿಮ್ಮಿಗೆ ಚಪ್ಪಟೆ ಗಾಡಿ, ಕಾಫಿಗೆ ಮುಚ್ಚಿದ ಡಬ್ಬಿ. ಏರುವ ಭಾರವೂ ಇಳಿಯುವ ಭಾರವೂ ಗೊತ್ತಾದರೆ ಇಂಜಿನು ಗೊತ್ತಾಯಿತು.

ಹಲಗೆಯ ಮೇಲೆ ಇಡೀ ಮಾರ್ಗಕ್ಕೆ ಸ್ಥಳವೆಲ್ಲಿ? ಒಂದು ಕಿಲೋಮೀಟರು ಮಾದರಿಯಲ್ಲಿ 11.5 ಮೀಟರಾಗುವುದು, ಬೆಂಗಳೂರು–ಮೈಸೂರು ದಾರಿಗೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹಳಿ ಬೇಕಾದೀತು. ಇದಕ್ಕೆ ರಂಗಭೂಮಿ ದಾರಿ ತೋರುತ್ತದೆ. ಫ್ರಾಂಕ್ ಎಲಿಸನ್ ಎಂಬ ಅಮೆರಿಕದ ಮಾದರಿಕಾರರು 1940ರ ದಶಕದಲ್ಲಿಯೇ ಮಾದರಿ ಮಾರ್ಗವನ್ನು ರಂಗಸ್ಥಳಕ್ಕೂ ಗಾಡಿಗಳನ್ನು ಪಾತ್ರಧಾರಿಗಳಿಗೂ ಹೋಲಿಸಿದರು. ನಾಟಕದಲ್ಲಿ ದೂತನು ನೇಪಥ್ಯದಿಂದ ಬಂದು ದೂರದ ಯುದ್ಧದ ಸುದ್ದಿ ಹೇಳಿದರೆ ನಾವು ನಂಬುತ್ತೇವೆ. ಹಾಗೆಯೇ ಒಂದು ರಟ್ಟಿನ ಗುಡ್ಡದ ಹಿಂದೆ ಮರೆಯಾದ ಹಳಿಯೊಂದಿದ್ದರೆ, ಅಲ್ಲಿಂದ ಬರುವ ಗಾಡಿ ಕಡಲಪೇಟೆಯಿಂದ ಬಂದುದೇ ಸರಿ. ಮಂಜುಗುಡ್ಡದ ನಿಲ್ದಾಣವೊಂದನ್ನು ಕಟ್ಟಿದರೆ ಸಾಕು.

ಆ ನಿಲ್ದಾಣದ ಗೂಡ್ಸ್ ಅಂಗಳಕ್ಕೆ ಬ್ರಿಟನ್ನಿನ ಆಲನ್ ರೈಟರ ‘ಇಂಗಲ್‌ನುಕ್’ ಯೋಜನೆ ಬಹು ಅನುಕೂಲ. ಎರಡು ಕವಲುಗಳಿಂದ ಮೂರು ಹಳಿಗಳು ಒಡೆಯುವುವು. ಒಂದರಲ್ಲಿ 5, ಉಳಿದೆರಡರಲ್ಲಿ ಮೂರು ಮೂರು ಡಬ್ಬಿಗಳಿಗೆ ಸ್ಥಳ. ಇಂಜಿನು ಹಿಂದೆ ಮುಂದೆ ಆಡುವ ಹಳಿಯಲ್ಲಿ ಇಂಜಿನೊಡನೆ 3 ಡಬ್ಬಿ ಹಿಡಿಸಬೇಕು. ಸಣ್ಣ ಡಬ್ಬಿಗಳಾದರೆ ಒಂದೂವರೆ ಮೀಟರು ಉದ್ದ, 30 ಸೆಂ.ಮೀ. ಅಗಲದ ಹಲಗೆ ಸಾಕಾಗುವುದು. 8 ಡಬ್ಬಿಗಳಿಗೆ 8 ಚೀಟಿ ಬರೆದು, ಕಲಸಿ, ಐದನ್ನು ಎತ್ತಬೇಕು. ಎತ್ತಿದ ಕ್ರಮದಲ್ಲಿಯೇ ಐದು ಡಬ್ಬಿಗಳ ಗಾಡಿಯನ್ನು ಜೋಡಿಸಬೇಕು. ಇಂತಹ ಕ್ರಮಗಳೆಷ್ಟು? 8×7×6×5×4, ಅಂದರೆ 6,720. ದಿನಕ್ಕೊಂದರಂತೆ ಮಾಡಿದರೂ ಹದಿನೆಂಟು ವರ್ಷ ಮುಗಿಯದ ಕೆಲಸವಿದು!

ವೇಳೆ ಮತ್ತು ಟೋಕನ್ನು

ಗಂಟೆಗೆ 60 ಕಿ.ಮೀ. ವೇಗ ಮಾದರಿಯಲ್ಲಿ ಸೆಕೆಂಡಿಗೆ 19 ಸೆಂ.ಮೀ. ಮಾತ್ರ. ಹೊಸಬರು ಇದರ ಹಲವು ಪಟ್ಟು ವೇಗದಲ್ಲಿ ಓಡಿಸುವುದುಂಟು. ಉದ್ದವನ್ನು ಕಿರಿದುಗೊಳಿಸಿದರೂ ಕಾಲ ಕಿರಿದಾಗಲಿಲ್ಲವಾದುದರಿಂದ, ಆರು ಪಟ್ಟು ಬೇಗ ಓಡುವ ಗಡಿಯಾರವನ್ನು ಇಟ್ಟುಕೊಳ್ಳುವ ರೂಢಿಯುಂಟು. ಆಗ ಒಂದು ಹಗಲುರಾತ್ರಿ ನಾಲ್ಕು ಗಂಟೆಗಳಲ್ಲಿ ಮುಗಿಯುವುದು. 11.5 ಮೀಟರು ಹಳಿಯನ್ನು ಒಂದು ನಿಮಿಷದಲ್ಲಿ ಕ್ರಮಿಸಿದ ಗಾಡಿಗೆ ಆ ಗಡಿಯಾರ 6 ನಿಮಿಷ ತೋರಿಸುವುದು. ವೇಳಾಪಟ್ಟಿಯಲ್ಲಿ ಆ ದೂರ 6 ಕಿ.ಮೀ. ಎಂದು ನಮೂದಾಗುವುದು.

ಮುಂದೆ ಮಾರ್ಗವನ್ನು ಬೆಳೆಸಿ ಇನ್ನೊಂದು ನಿಲ್ದಾಣವನ್ನು ಕಟ್ಟಿದೊಡನೆ, ಇಬ್ಬರು ಚಾಲಕರ ಪ್ರಶ್ನೆ ಏಳುವುದು: ನಡುವಿನ ಒಂಟಿ ಹಳಿಗೆ ಯಾರು ಮೊದಲು ಹೋಗಬೇಕು? ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಥಾರ್ಪ್ ಎಂಬಲ್ಲಿ 1874ರ ಸೆಪ್ಟೆಂಬರಿನ ಒಂದು ರಾತ್ರಿ, ತಂತಿ ಸಂದೇಶದ ಗೊಂದಲದಿಂದಾಗಿ ಒಂಟಿ ಹಳಿಯ ಎರಡು ತುದಿಗಳಿಂದಲೂ ಗಾಡಿಗಳನ್ನು ಬಿಡಲಾಯಿತು. ತಪ್ಪು ತಿಳಿದಾಗ ಎರಡೂ ಹೊರಟುಹೋಗಿದ್ದವು. ಚಾಲಕರನ್ನು ತಡೆಯುವ ಉಪಾಯವೇ ಇರಲಿಲ್ಲ. 25 ಮಂದಿ ಮಡಿದರು. ಇದರ ಬಳಿಕ ಎಡ್ವರ್ಡ್ ಟೈಯರ್ ಎಂಬವರು ಟ್ಯಾಬ್ಲೆಟ್ ಯಂತ್ರವನ್ನು ರೂಪಿಸಿದರು. ಎರಡು ನಿಲ್ದಾಣಗಳ ಯಂತ್ರಗಳನ್ನು ತಂತಿಯಿಂದ ಜೋಡಿಸಿರುವುದರಿಂದ, ಒಂದು ಬಿಲ್ಲೆ ಹೊರಬಂದಿರುವಾಗ ಎರಡನೆಯದು ಎರಡೂ ಕಡೆಯಿಂದ ಹೊರಬಾರದು. ಬಿಲ್ಲೆ ಕೈಯಲ್ಲಿಲ್ಲದ ಚಾಲಕನು ಹೊರಡಕೂಡದು. ಭಾರತದಲ್ಲಿ ಬಹುಕಾಲ ನಡೆದ ನೀಲ್ಸ್ ಬಾಲ್ ಟೋಕನ್ನಿನ ತತ್ತ್ವವೂ ಇದೇ.

ನಮ್ಮ ಹಲಗೆಯ ಮೇಲೆ ಇದನ್ನು ಬಹು ಸುಲಭವಾಗಿ ಸಾಧಿಸಬಹುದು. ಒಂಟಿ ಹಳಿಯ ವಿಭಾಗಕ್ಕೆ ಪ್ರವಾಹ ಕೊಡುವ ಸ್ವಿಚ್ಚನ್ನು ಕೀಲಿಯಿಂದ ತಿರುಗುವಂತೆ ಮಾಡಿ, ಎರಡು ನಿಲ್ದಾಣಗಳಿಗೂ ಸೇರಿ ಒಂದೇ ಕೀಲಿಯನ್ನು ಇಡಬೇಕು. ಮಾದರಿಯಲ್ಲಿ ಗಾಡಿಗಳು ಡಿಕ್ಕಿ ಹೊಡೆದರೆ ಒಂದು ಕೊಂಡಿ ಮುರಿದೀತು, ಅಷ್ಟೇ. ಆದರೂ ಕೀಲಿ ಬರುವವರೆಗೆ ಕಾಯುವುದೇ ಮಾರ್ಗದ ನಿಯಮವಾಗಿರತಕ್ಕದ್ದು. ಆ ನಿಯಮವನ್ನು ಕಲಿಯಲು ಮನುಷ್ಯರು ತೆತ್ತ ಬೆಲೆ ದೊಡ್ಡದು; ಯಾರೂ ನೋಡದಿರುವಾಗಲೂ ಅದನ್ನು ಪಾಲಿಸುವ ಅಭ್ಯಾಸ ಈ ಒಂದೂವರೆ ಮೀಟರು ಹಲಗೆಯ ಮೇಲೆಯೇ ಆರಂಭವಾಗಬಹುದು.

ಅಭ್ಯಾಸ

1. ‘ಎನ್’ ಎಂಬ ಅಳತೆಯ ಪ್ರಮಾಣ 1:160, ಅದರ ಹಳಿಯ ಅಗಲ 9 ಮಿ.ಮೀ. ನಮ್ಮ ಬ್ರಾಡ್‌ಗೇಜಿಗೆ ಆ ಪ್ರಮಾಣದಲ್ಲಿ ನಿಜವಾಗಿ ಬೇಕಾಗುವ ಅಗಲವೆಷ್ಟು?

2. ಮೇಲಿನ ಉದಾಹರಣೆಯ ಇಂಜಿನು 40ಕ್ಕೆ 1ರ ಏರಿನಲ್ಲಿ ಎಷ್ಟು ಡಬ್ಬಿಗಳನ್ನು ಎಳೆಯಬಲ್ಲುದು?

3. ಗೂಡ್ಸ್ ಅಂಗಳದಲ್ಲಿ 5 ಡಬ್ಬಿಗಳಿದ್ದು ಮೂರನ್ನು ಕ್ರಮವಾಗಿ ಜೋಡಿಸಬೇಕಾದರೆ ಕ್ರಮಗಳೆಷ್ಟು?

ಉತ್ತರಗಳು: 1. ಸುಮಾರು 10.5 ಮಿ.ಮೀ. 2. ಒಂಬತ್ತು. 3. ಅರವತ್ತು.