ಹಗೇವಿನ ಜೋಳವೂ ಉಸಿರಾಡುತ್ತದೆ

ಪ್ರಶ್ನೆ: ಮುತ್ಯಾನ ಕಾಲದ ಹಗೇವು, ಅಂದ್ರ ನೆಲದಾಗ ಕಾಳು ತುಂಬಿಡೋ ಗುಂಡಿ, ನಮ್ಮ ಮನಿ ಮುಂದ ಈಗಲೂ ಐತ್ರಿ. ಅದನ್ನ ತೆಗೆದ ದಿನ ಮುತ್ಯಾ ಯಾರನ್ನೂ ಒಳಗ ಇಳಿಯಾಕ ಬಿಡ್ತಿರಲಿಲ್ಲ. ಬಾಯಿ ಮ್ಯಾಲಿನ ಕಲ್ಲು ಸರಿಸಿ ಹಂಗ ಬಿಟ್ಟು, ಕಂದೀಲು ಇಳಿಬಿಟ್ಟು ನೋಡಿ, ಆಮ್ಯಾಲೆ ಆಳು ಇಳಿಸ್ತಿದ್ದ. ಒಣಗಿದ ಜೋಳದಾಗ ಜೀವ ತೆಗೆಯೋವಂಥದ್ದು ಏನಿರತೈತಿ? ಕಾಳು ಸತ್ತದ್ದಲ್ಲೇನ್ರಿ?
– ರೈತರು, ಕನ್ನೊಳ್ಳಿ, ಸಿಂದಗಿ ತಾಲೂಕು

ಉತ್ತರ: ಸತ್ತಿಲ್ಲ. ಸತ್ತ ಕಾಳು ಮೊಳೆಯುವುದಿಲ್ಲ. ಹಿಂಗಾರಿಗೆ ಬಿತ್ತುವ ಬೀಜ ಚೀಲದಲ್ಲಿ ಸುಮ್ಮನೆ ಬಿದ್ದಿರುವಾಗಲೂ ಅದರ ಮೊಳಕೆಯ ಭಾಗದ ಜೀವಕೋಶಗಳು ಬಹಳ ನಿಧಾನವಾಗಿ ಉಸಿರಾಡುತ್ತಲೇ ಇರುತ್ತವೆ. ಜೋಳದ ತೂಕದಲ್ಲಿ ಸುಮಾರು ಶೇ. 70 ಪಿಷ್ಟ. ಪಿಷ್ಟವೆಂದರೆ ಒಂದಕ್ಕೊಂದು ಹೆಣೆದುಕೊಂಡ ಗ್ಲೂಕೋಸ್. ಕಾಳಿಗೆ ಶಕ್ತಿ ಬೇಕಾದಾಗ ಅದರಿಂದ ಗ್ಲೂಕೋಸ್ ಬಿಡಿಸಿಕೊಂಡು ಒಡೆಯುತ್ತದೆ.

ಒಡೆಯುವ ಕೆಲಸ ಎರಡು ಜಾಗದಲ್ಲಿ ನಡೆಯುತ್ತದೆ. ಮೊದಲು ಜೀವಕೋಶದ ದ್ರವದಲ್ಲಿ ಆರು ಇಂಗಾಲದ ಗ್ಲೂಕೋಸ್ ಮೂರು ಮೂರು ಇಂಗಾಲದ ಎರಡು ತುಂಡಾಗುತ್ತದೆ. ಈ ತುಂಡಿಗೆ ಪೈರುವೇಟ್ ಎಂದು ಹೆಸರು. ಇಲ್ಲಿಯವರೆಗೆ ಆಮ್ಲಜನಕದ ಹಂಗಿಲ್ಲ, ಸಿಗುವ ಶಕ್ತಿಯೂ ಅಲ್ಪ. ಬಳಿಕ ಪೈರುವೇಟ್ ಮೈಟೊಕಾಂಡ್ರಿಯಾ ಎಂಬ ಕಣದೊಳಗೆ ಹೋಗುತ್ತದೆ. ಅಲ್ಲಿ ಇಂಗಾಲವೆಲ್ಲ ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಹೈಡ್ರೋಜನ್ನಿನ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟುತ್ತ ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಆಮ್ಲಜನಕದ ಕೆಲಸವೆಲ್ಲ ಆ ಕೊನೆಯ ತುದಿಯಲ್ಲೇ. ಅದು ಅಲ್ಲಿ ನಿಂತು ಎಲೆಕ್ಟ್ರಾನ್ ಪಡೆದುಕೊಳ್ಳದಿದ್ದರೆ ಹಿಂದಿನ ಸಾಲೆಲ್ಲ ತಡೆದು ನಿಲ್ಲುತ್ತದೆ.

ಈಗ ಹಗೇವಿಗೆ ಬನ್ನಿ. 180 ಗ್ರಾಂ ಗ್ಲೂಕೋಸ್ ಪೂರ್ತಿ ಒಡೆಯಲು 192 ಗ್ರಾಂ ಆಮ್ಲಜನಕ ಬೇಕು. ಹುಟ್ಟುವುದು 264 ಗ್ರಾಂ ಇಂಗಾಲದ ಡೈಆಕ್ಸೈಡ್, 108 ಗ್ರಾಂ ನೀರು, ಜೊತೆಗೆ ಕಾವು. ಹತ್ತು ಕ್ವಿಂಟಲ್ ಜೋಳದ ಕಾಳುಗಳ ಸಂದಿಯಲ್ಲಿ ಹೆಚ್ಚುಕಡಿಮೆ 500 ಲೀಟರ್ ಗಾಳಿ ಇರುತ್ತದೆ. ಅದರ ಆಮ್ಲಜನಕವನ್ನೆಲ್ಲ ಮುಗಿಸಲು ಎಷ್ಟು ಕಾಳು ಕರಗಬೇಕು ಎಂದು ಲೆಕ್ಕ ಹಾಕಿದರೆ ಮೂರ್ನಾಲ್ಕು ಹಿಡಿ ಜೋಳ ಸಾಕು! ಚೆನ್ನಾಗಿ ಒಣಗಿದ ಕಾಳು ಒಂದೇ ಇದ್ದರೆ ಇದಕ್ಕೆ ಬಹಳ ಕಾಲ ಹಿಡಿಯುತ್ತದೆ. ಆದರೆ ಅಲ್ಲಿ ನುಸಿ ಇರುತ್ತದೆ, ಗೋಡೆಯ ತೇವ ತಾಗಿದ ಕಡೆ ಬೂಸ್ಟು ಇರುತ್ತದೆ. ಇವು ಕಾಳಿಗಿಂತ ಎಷ್ಟೋ ಜೋರಾಗಿ ಉಸಿರಾಡುತ್ತವೆ. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಹೊಸ ಗಾಳಿ ಬರುವಂತಿಲ್ಲ. ಆಮ್ಲಜನಕ ಶೇ. 21ರಿಂದ ಇಳಿಯುತ್ತ ಹೋಗಿ ಕೊನೆಗೆ ನುಸಿಯೇ ಸಾಯುತ್ತದೆ. ಔಷಧಿಯಿಲ್ಲದೆ ಹಗೇವಿನ ಜೋಳ ವರ್ಷಗಟ್ಟಲೆ ಉಳಿಯುತ್ತಿದ್ದುದು ಹೀಗೆ. ನಮ್ಮ ಹಿರಿಯರ ಈ ಜಾಣತನದ ಬಗ್ಗೆ ನನಗೆ ಅಪಾರ ಗೌರವವಿದೆ.

ನುಸಿಯನ್ನು ಕೊಂದ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಳದಲ್ಲೇ ಮಡುಗಟ್ಟಿರುತ್ತದೆ. ಬಾಯಿ ತೆರೆದ ಮಾತ್ರಕ್ಕೆ ತಾನಾಗಿ ಮೇಲೇಳುವುದಿಲ್ಲ. ಆಮ್ಲಜನಕ ಶೇ. 16ರ ಆಸುಪಾಸಿಗೆ ಇಳಿದಾಗ ದೀಪ ಆರುತ್ತದೆ. ಮುತ್ಯಾ ಕಂದೀಲು ಇಳಿಬಿಡುತ್ತಿದ್ದುದು ಅದಕ್ಕೇ. ಆದರೆ ದೀಪ ಉರಿಯುತ್ತಿದೆಯೆಂದು ಧೈರ್ಯ ಮಾಡಬೇಡಿ. ದೀಪ ಆರದಷ್ಟು ಆಮ್ಲಜನಕ ಇದ್ದಾಗಲೂ ಇಂಗಾಲದ ಡೈಆಕ್ಸೈಡ್ ತಲೆ ತಿರುಗಿಸುವಷ್ಟು ಸೇರಿರಬಹುದು. ಒಬ್ಬರು ಕುಸಿದರೆಂದು ಇನ್ನೊಬ್ಬರು ದಡಬಡಿಸಿ ಇಳಿದು ಇಬ್ಬರೂ ಹೋಗುವುದೇ ಇಂಥ ಗುಂಡಿಗಳಲ್ಲಿ ಆಗುವ ದೊಡ್ಡ ಅನಾಹುತ. ಇಳಿಯಬೇಡಿ, 112ಕ್ಕೆ ಫೋನ್ ಮಾಡಿ. ಪಾಳು ಬಾವಿಗೂ ಗೋಬರ್ ಗ್ಯಾಸ್ ಗುಂಡಿಗೂ ಇದೇ ಮಾತು.

ಪ್ರಶ್ನೆ: ಒಂದು ಗ್ಲೂಕೋಸಿನಿಂದ 38 ಎಟಿಪಿ ಎಂದು ಒಂದು ಪುಸ್ತಕ, 36 ಎಂದು ಇನ್ನೊಂದು, 32 ಎಂದು ನಮ್ಮ ಟ್ಯೂಷನ್ ಸರ್. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ?
– ಪಿಯುಸಿ ವಿದ್ಯಾರ್ಥಿನಿ, ಮುದ್ದೇಬಿಹಾಳ

ಉತ್ತರ: ಪರೀಕ್ಷೆಯಲ್ಲಿ ನಿನ್ನ ಪಠ್ಯಪುಸ್ತಕದ್ದನ್ನೇ ಬರಿ, ತಂಗಿ. ಆದರೆ ಸಂಖ್ಯೆ ಬದಲಾದದ್ದು ಏಕೆಂದು ತಿಳಿದಿರಲಿ.

ಜೀವಕೋಶ ತನ್ನ ಕೆಲಸಕ್ಕೆ ಖರ್ಚು ಮಾಡುವ ಶಕ್ತಿಯ ನಾಣ್ಯವೇ ಎಟಿಪಿ. ಅದು ನೇರವಾಗಿ ಸಿಗುವುದು ನಾಲ್ಕೇ. ಉಳಿದದ್ದೆಲ್ಲ ಎಲೆಕ್ಟ್ರಾನ್ ಹೊತ್ತ ಹತ್ತು ಎನ್‌ಎಡಿಎಚ್ ಮತ್ತು ಎರಡು ಎಫ್‌ಎಡಿಎಚ್2 ಅಣುಗಳ ಮೂಲಕ. ಎಲೆಕ್ಟ್ರಾನುಗಳು ಸಾಗುವಾಗ ಮೈಟೊಕಾಂಡ್ರಿಯಾದ ಒಳಪೊರೆಯ ಆಚೆಗೆ ಪ್ರೋಟಾನುಗಳು ತಳ್ಳಲ್ಪಟ್ಟು ಒತ್ತಾಗಿ ಸೇರುತ್ತವೆ. ನಿಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಆಲಮಟ್ಟಿಯಲ್ಲಿ ಕೃಷ್ಣೆಯ ನೀರು ಏರಿ ನಿಂತು, ಕೆಳಗಿಳಿಯುವಾಗ ಟರ್ಬೈನ್ ತಿರುಗಿಸಿ ವಿದ್ಯುತ್ ಕೊಡುತ್ತದಲ್ಲ, ಪ್ರೋಟಾನುಗಳು ಮರಳಿ ಒಳಕ್ಕೆ ಬರುವಾಗ ಎಟಿಪಿ ಸಿಂಥೇಸ್ ಎಂಬ ಪುಟ್ಟ ಯಂತ್ರವೂ ನಿಜಕ್ಕೂ ಹಾಗೇ ಗಿರಗಿರ ತಿರುಗುತ್ತದೆ. 1961ರಲ್ಲಿ ಪೀಟರ್ ಮಿಚೆಲ್ ಪ್ರೋಟಾನಿನ ಈ ಮಾತು ಹೇಳಿದಾಗ ಒಪ್ಪಿದವರು ಕಡಿಮೆ. 1978ರಲ್ಲಿ ಅವರಿಗೆ ನೊಬೆಲ್ ಬಂತು.

ಹಿಂದೆ ಒಂದು ಎನ್‌ಎಡಿಎಚ್‌ಗೆ 3, ಎಫ್‌ಎಡಿಎಚ್2ಗೆ 2 ಎಟಿಪಿ ಎಂದು ಹಿಡಿಯುತ್ತಿದ್ದರು: 30, 4, 4 ಕೂಡಿದರೆ 38. ಈಗಿನ ಅಳತೆ ಎರಡೂವರೆ ಮತ್ತು ಒಂದೂವರೆ: 25, 3, 4 ಕೂಡಿದರೆ 32. ಜೀವಕೋಶದ ದ್ರವದಲ್ಲಿ ಹುಟ್ಟಿದ ಎರಡು ಎನ್‌ಎಡಿಎಚ್‌ಗಳ ಎಲೆಕ್ಟ್ರಾನುಗಳು ಒಳಗೆ ಹೋಗಲು ಬೇರೆ ದಾರಿ ಹಿಡಿದರೆ ಎರಡು ಕಡಿಮೆಯಾಗಿ 30. ಹಳೆಯ 36ರ ಗುಟ್ಟೂ ಇದೇ. ಇನ್ನೊಂದು ಸಂಗತಿ: 1929ರಲ್ಲಿ ಎಟಿಪಿಯನ್ನು ಕಂಡುಹಿಡಿದವರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ಅವರ ಹೆಸರು ಎಟಿಪಿ ಪಾಠದ ಜೊತೆಗೆ ಬರಬೇಕೆಂಬುದು ನನ್ನ ಆಸೆ.

ಪ್ರಶ್ನೆ: ಮಳಿ ಕೈಕೊಟ್ಟು ಬಾಡಿದ ಜೋಳದ ಹೊಲಕ್ಕ ಆಕಳು ನುಗ್ಗಿ ಮೇದು ಅರ್ಧ ತಾಸಿನಾಗ ಬಿದ್ದು ಸತ್ತಿತು. ರಕ್ತ ನೋಡಿದರ ಕೆಂಪಗ ಹೊಳೀತಿತ್ತು. ಏನಾತು?
– ರೈತರು, ಇಂಡಿ

ಉತ್ತರ: ನಿಮ್ಮ ನಷ್ಟಕ್ಕೆ ನನಗೆ ತುಂಬಾ ನೋವಾಗಿದೆ. ನೀವು ಗಮನಿಸಿದ ಆ ಕೆಂಪು ಬಣ್ಣವೇ ಬಹುತೇಕ ಉತ್ತರ ಹೇಳುತ್ತದೆ.

ಎಳೆಯ ಜೋಳ, ಬರಕ್ಕೆ ಬಾಡಿದ ಜೋಳ, ಕೊಯ್ದ ಮೇಲೆ ಒಡೆಯುವ ಕೂಳೆ ಚಿಗುರು, ಈ ಮೂರರಲ್ಲೂ ಧುರ್ರಿನ್ ಎಂಬ ವಸ್ತು ಹೆಚ್ಚು. ಧುರ್ರಿನ್ ಮತ್ತು ಅದನ್ನು ಒಡೆಯುವ ಕಿಣ್ವವನ್ನು ಜೋಳದ ಎಲೆ ಬೇರೆ ಬೇರೆ ಇಟ್ಟುಕೊಂಡಿರುತ್ತದೆ. ದನ ಅಗಿದಾಗ ಎರಡೂ ಬೆರೆತು ಸೈನೈಡ್ ಹುಟ್ಟುತ್ತದೆ. ಮೆಲುಕು ಹಾಕುವ ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಇನ್ನಷ್ಟು ಬೇಗ ಬಿಡಿಸುತ್ತವೆ.

ಮೇಲೆ ಹೇಳಿದ ಎಲೆಕ್ಟ್ರಾನುಗಳ ಸಾಲಿನಲ್ಲಿ ಕಟ್ಟಕಡೆಗೆ ಆಮ್ಲಜನಕಕ್ಕೆ ಎಲೆಕ್ಟ್ರಾನ್ ದಾಟಿಸುವ ಕಿಣ್ವ ಒಂದಿದೆ. ಸೈನೈಡ್ ಹೋಗಿ ಅಂಟುವುದು ಅದಕ್ಕೆ. ಆಕಳು ಜೋರಾಗಿ ಏದುಸಿರು ಬಿಡುತ್ತದೆ, ಗಾಳಿ ಒಳಗೆ ಹೋಗುತ್ತದೆ, ರಕ್ತ ತುಂಬ ಆಮ್ಲಜನಕ ಇರುತ್ತದೆ. ಆದರೆ ಅದನ್ನು ಬಳಸಿಕೊಳ್ಳಲು ಜೀವಕೋಶಕ್ಕೆ ಆಗುವುದಿಲ್ಲ. ಬಳಕೆಯಾಗದ ಆಮ್ಲಜನಕ ರಕ್ತದಲ್ಲೇ ಉಳಿಯುವುದರಿಂದ ರಕ್ತ ಹಾಗೆ ಹೊಳೆಯುತ್ತದೆ. ಕಾಳಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಬರುವ ಗಾಳಿಯ ಪೆಟ್ಟೂ ಇದೇ ಕಿಣ್ವಕ್ಕೆ. ಮಲಗುವ ಕೋಣೆಯಲ್ಲಿ ಆ ಗುಳಿಗೆ ಹಾಕಿದ ಚೀಲ ಇಡಲೇಬಾರದು.

ಮುಂದೆ ಇಂಥ ಸಂದರ್ಭ ಬಂದರೆ ಮನೆಮದ್ದಿಗೆ ಹೊತ್ತು ಕಳೆಯದೆ ದನದ ಡಾಕ್ಟರನ್ನು ಕರೆಸಿ, ಅಥವಾ 1962ಕ್ಕೆ ಫೋನ್ ಮಾಡಿ. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಇಂಜೆಕ್ಷನ್ ಸಕಾಲಕ್ಕೆ ಬಿದ್ದರೆ ದನ ಉಳಿಯುತ್ತದೆ. ಮೊದಲನೆಯದು ಸೈನೈಡನ್ನು ಕಿಣ್ವದಿಂದ ರಕ್ತದ ಕಡೆಗೆ ಎಳೆದುಕೊಳ್ಳುತ್ತದೆ, ಎರಡನೆಯದು ಅದನ್ನು ಮೂತ್ರದಲ್ಲಿ ಹೋಗುವಂತೆ ಮಾಡುತ್ತದೆ. ಪ್ರಮಾಣ ತಪ್ಪಿದರೆ ನೈಟ್ರೈಟೇ ವಿಷ, ಆದ್ದರಿಂದ ಡಾಕ್ಟರೇ ಕೊಡಬೇಕು. ಬಲಿತು ಚೆನ್ನಾಗಿ ಒಣಗಿದ ಕಣಕಿಗೆ ಈ ಭಯ ತೀರಾ ಕಡಿಮೆ. ರೊಟ್ಟಿ ಮಾಡುವ ಕಾಳಿಗಂತೂ ಇಲ್ಲ.

ಪ್ರಶ್ನೆ: ಮಗ ಕಬಡ್ಡಿ ಆಡ್ತಾನ. ಮರುದಿನ ಕಾಲು ಹಿಡಕೊಂಡು ಕೂಡ್ತಾನ. ಒಳಗ ಆ್ಯಸಿಡ್ ಕೂಡೇತಿ, ಗ್ಲೂಕೋಸ್ ಪುಡಿ ಕುಡಸ್ರಿ ಅಂತಾರ. ಖರೇನಾ?
– ತಾಯಿಯೊಬ್ಬರು, ಬಸವನ ಬಾಗೇವಾಡಿ

ಉತ್ತರ: ಅರ್ಧ ಮಾತ್ರ ಖರೆ, ಅವ್ವಾರ. ರೇಡ್ ಹೋದಾಗ ಸ್ನಾಯುವಿಗೆ ಬೇಕಾಗುವಷ್ಟು ವೇಗವಾಗಿ ಆಮ್ಲಜನಕದ ದಾರಿ ಎಟಿಪಿ ಕೊಡಲಾರದು. ಆಗ ಸ್ನಾಯು ಗ್ಲೂಕೋಸನ್ನು ಅರ್ಧಕ್ಕೇ ಒಡೆದು ಲ್ಯಾಕ್ಟೇಟ್ ಮಾಡಿ ಬಿಡುತ್ತದೆ. ಜನ ಆ್ಯಸಿಡ್ ಎನ್ನುವುದು ಇದನ್ನೇ. ಒಂದಕ್ಕೆ ಸಿಗುವುದು ಎರಡೇ ಎಟಿಪಿ, ಆದರೆ ಥಟ್ಟನೆ ಸಿಗುತ್ತದೆ. ಆ ಲ್ಯಾಕ್ಟೇಟ್ ಒಂದೆರಡು ತಾಸಿನಲ್ಲಿ ಸ್ನಾಯುವಿನಿಂದ ಹೊರಟು ಹೋಗುತ್ತದೆ. ಹೃದಯ ಅದನ್ನೇ ಉರಿಸಿಕೊಳ್ಳುತ್ತದೆ, ಯಕೃತ್ತು ಮತ್ತೆ ಗ್ಲೂಕೋಸ್ ಮಾಡುತ್ತದೆ. ಮರುದಿನದ ನೋವು ಸ್ನಾಯುವಿನ ಎಳೆಗಳಿಗೆ ಆದ ಸಣ್ಣಪುಟ್ಟ ಪೆಟ್ಟಿನಿಂದ ಬರುವಂಥದ್ದು, ಎರಡು ಮೂರು ದಿನದಲ್ಲಿ ತಾನೇ ಇಳಿಯುತ್ತದೆ.

ಪುಡಿಯ ಗ್ಲೂಕೋಸ್ ರಕ್ತಕ್ಕೆ ಬೇಗ ಸೇರುತ್ತದೆ ಅಷ್ಟೆ, ನೋವಿಗೆ ಮದ್ದಲ್ಲ. ಆಟಕ್ಕೆ ಎರಡು ಮೂರು ತಾಸು ಮೊದಲು ಜೋಳದ ರೊಟ್ಟಿ, ಬೇಳೆ ಪಲ್ಯ ಉಣ್ಣಲಿ. ಬಿಸಿಲಲ್ಲಿ ಆಡಿದರೆ ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಒಂದೇ ಕಾಲು ಬಾತರೆ, ಅಥವಾ ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ದವಾಖಾನೆಗೆ ಕರಕೊಂಡು ಹೋಗಿ.